ಬ್ಲಾಟಿಂಗ್ ಕಾಗದದ ಒಂದು ಗೆರೆ

ಮಸಿ ಹೀರುವ ಗುಲಾಬಿ ಬಣ್ಣದ ಬ್ಲಾಟಿಂಗ್ ಕಾಗದ ಕಂಡರೆ ಈಗಲೂ ನನ್ನ ಎದೆ ಡವಗುಟ್ಟುತ್ತದೆ. ಮಸಿಯ ಪೆನ್ನೇ ಹೋದಮೇಲೆ ಅದು ಕಾಣಸಿಗುವುದಾದರೂ ಎಲ್ಲಿ ಎನ್ನುವುದು ಬೇರೆ ಮಾತು. ಮೊನ್ನೆ ಹಳೆಯ ಟ್ರಂಕಿನ ತಳದಲ್ಲಿ ಒಂದು ತುಂಡು ಸಿಕ್ಕಿತು. ಕಿರುಬೆರಳಿನ ಅರ್ಧ ಅಗಲದ ಪಟ್ಟಿ, ಅದರ ಮೇಲೆ ಪೆನ್ಸಿಲಿನಲ್ಲಿ ಹತ್ತು ಗೆರೆ. ಇದೇನು ಎಂದು ಮೊಮ್ಮಗಳು ಕೇಳಿದಳು. ಹೇಳಲು ಕೂತೆ, ಒಲೆಯ ಮೇಲಿನ ಅನ್ನ ತಳ ಹಿಡಿದದ್ದೂ ಗೊತ್ತಾಗಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಯ್ಕಿಣಿಯ ಹತ್ತಿರದ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಪಾಠ ಹೇಳುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇಪ್ಪತ್ತೊಂದು ವರ್ಷದ ಈ ಅಕ್ಕೋರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ. ಮನೆಯಲ್ಲಿ ಅಪ್ಪ, ನಾವು ಆಯಿ ಎನ್ನುತ್ತಿದ್ದ ಅಮ್ಮ, ನಾನು ಮತ್ತು ಒಂದು ಕೆಂದು ಬಣ್ಣದ ಹೆಣ್ಣುನಾಯಿ. ಅಕ್ಕನನ್ನು ಮೂರು ವರ್ಷದ ಹಿಂದೆ ಕುಮಟೆಗೆ ಮದುವೆ ಮಾಡಿಕೊಟ್ಟಾಗಿತ್ತು. ನಾಯಿಗೆ ಒಂದು ಹೆಸರಿತ್ತು. ಅದನ್ನು ಹೇಳುವುದಿಲ್ಲ, ಆ ಹೆಸರಿನ ಇಬ್ಬರು ಹೆಂಗಸರು ಇನ್ನೂ ಊರಲ್ಲಿದ್ದಾರೆ.

ನವರಾತ್ರಿ ಕಳೆಯುತ್ತಿದ್ದಂತೆ ನಾಯಿಯ ಕಣ್ಣು ಕೆಟ್ಟಿತು. ಬೆಳಿಗ್ಗೆ ಎದ್ದರೆ ಎರಡೂ ರೆಪ್ಪೆ ಹಳದಿ ಪಿಚ್ಚಿನಲ್ಲಿ ಅಂಟಿಕೊಂಡಿರುತ್ತಿದ್ದವು. ಒರೆಸಿ ಬಿಡಿಸಿದರೆ ಒಳಗೆ ಕಣ್ಣು ಮಂಕು, ಉಜ್ಜದೇ ಬಿಟ್ಟ ಲಾಟೀನಿನ ಗಾಜಿನ ಹಾಗೆ. ಮೂಗು ಒಣಗಿ ಬಿರಿಯಿತು. ಆಮೇಲೆ ಬಾಯಿ. ಅನ್ನ ಹಾಕಿದರೆ ಆಸೆಯಿಂದ ಬಾಯಿ ಹಾಕುತ್ತಿತ್ತು, ನುಂಗಲಾರದೆ ಉದುರಿಸುತ್ತಿತ್ತು. ಮೊದಲು ಕಂಡುಹಿಡಿದವಳು ಮನೆಬಾಗಿಲಿಗೆ ಮೀನು ತರುತ್ತಿದ್ದ ಹೆಂಗಸು. ಬುಟ್ಟಿ ಇಳಿಸಿದ ಕೂಡಲೇ ಕೇರಿಯ ನಾಯಿಗಳೆಲ್ಲ ಜೊಲ್ಲು ಸುರಿಸುತ್ತ ಸುತ್ತ ಕೂರುತ್ತಿದ್ದವು. ನಮ್ಮದೂ ಕೂತಿತ್ತು, ಕಣ್ಣೆಲ್ಲ ಬುಟ್ಟಿಯ ಮೇಲೆ, ಬಾಯಿ ಮಾತ್ರ ಬಿಸಿಲಿನಲ್ಲಿಟ್ಟ ಕಟ್ಟಿಗೆ.

"ನಿಮ್ಮ ಕುನ್ನಿ ಬಾಯಲ್ಲಿ ಒಂದು ಹನಿ ನೀರಿಲ್ಲ, ಅಕ್ಕೋರೆ. ಎಂತ ಆತು ಅದ್ಕೆ?" ಎಂದಳು.

ಎಂತ ಆಯಿತೆಂದು ಹೇಳುವವರಿಗೆ ನಮ್ಮೂರಲ್ಲಿ ಬರವೇ? ಎಲ್ಲರದೂ ಒಂದೇ ಮಾತು: ಉಷ್ಣ. ಕಣ್ಣು ಕೆಂಪಾದರೆ ಉಷ್ಣ, ಬಾಯಿ ಒಣಗಿದರೆ ಉಷ್ಣ. ನಂದಿಬಟ್ಟಲು ಹೂವಿನ ನೀರು ಬಿಟ್ಟೆವು, ಎಳನೀರು ಕುಡಿಸಿದೆವು, ತಲೆಗೆ ತಂಪಿನ ಎಣ್ಣೆ ತಿಕ್ಕಿದೆವು. ಯಾವುದಕ್ಕೂ ಬಗ್ಗದಿದ್ದಾಗ ಅಪ್ಪ ದೊಡ್ಡ ಮದ್ದು ತೆಗೆದರು. ಅದು ಸಮುದ್ರ. ಅಮಾವಾಸ್ಯೆಯ ದಿನ ಸಮುದ್ರದಲ್ಲಿ ಮುಳುಗಿದರೆ ಮೈಮೇಲಿನ ಹುಣ್ಣು ಕಜ್ಜಿ ಎಲ್ಲ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕರಾವಳಿಯದು. ಜನರೂ ಮೀಯುತ್ತಾರೆ, ದನಗಳನ್ನೂ ಮೀಯಿಸುತ್ತಾರೆ. ನಾಯಿಗೇಕೆ ಬೇಡ? ಎರಡು ಅಮಾವಾಸ್ಯೆ ಅದನ್ನು ಎಳೆದುಕೊಂಡು ಹೋದೆವು. ನಾನು ಅವುಚಿ ಹಿಡಿದುಕೊಂಡೆ, ಅಪ್ಪ ಬೊಗಸೆಯಲ್ಲಿ ಉಪ್ಪುನೀರು ತುಂಬಿ ಕಣ್ಣಿಗೆ ಹೊಯ್ದರು. ಅದು ಕೂಗಿದ ಕೂಗು ನೆನಪಾದರೆ ಇಂದಿಗೂ ನನ್ನ ಕೈ ನನಗೇ ಬೇಡವಾಗುತ್ತದೆ.

ಎರಡನೆಯ ಸಲ ಆಯಿ ದಂಡೆಯ ಮೇಲೆ ನಿಂತಿದ್ದಳು. ಅಪ್ಪನಿಗೆ ಎದುರಾಡಿದವಳೇ ಅಲ್ಲ, ಅಂದು ಮಾತ್ರ ನೀರಿಗೇ ಇಳಿದು ಬಂದು ನಾಯಿಯನ್ನು ಕಿತ್ತುಕೊಂಡಳು.

"ಉಪ್ಪುನೀರು ಬ್ಯಾಡ. ಮೊದಲೇ ಕಣ್ಣಲ್ಲಿ ಹೊಯ್ಗೆ ಬಿದ್ದಂಗೆ ಇರ್ತದೆ. ಅದ್ರ ಮೇಲೆ ಉಪ್ಪು ಬಿದ್ರೆ ಕೆಂಡ ಇಟ್ಟಂಗೆ ಆಗ್ತದೆ."

"ಕಣ್ಣಲ್ಲಿ ಮರಳು ಅಂತ ನಿಂಗೆ ಅದು ಬಂದು ಹೇಳ್ತಾ?" ಎಂದರು ಅಪ್ಪ.

ಆಯಿ ನಾಯಿಯನ್ನು ದಂಡೆಗೆ ತಂದು ಇಳಿಸಿದಳು. ಸೊಂಟದಲ್ಲಿ ಒತ್ತಿಹಿಡಿದಿದ್ದ ಚೊಂಬು ಎತ್ತಿ ಒಂದು ಗುಟುಕು ನೀರು ಕುಡಿದಳು. ಆ ಚೊಂಬು ಅವಳ ಮೈಯ ಇನ್ನೊಂದು ಅಂಗ. ನಾಲ್ಕು ಮಾತಾಡಿದರೆ ಒಂದು ಗುಟುಕು, ಒಂದು ತುತ್ತಿಗೆ ಒಂದು ಗುಟುಕು. ಚಕ್ಕುಲಿ ಮುಟ್ಟುತ್ತಿರಲಿಲ್ಲ, ಅವಲಕ್ಕಿಯನ್ನು ಮಜ್ಜಿಗೆಯಲ್ಲಿ ಮುದ್ದೆಯಾಗುವವರೆಗೆ ನೆನೆಸಿ ತಿನ್ನುತ್ತಿದ್ದಳು. ಚೊಂಬು ಇಲ್ಲದೆ ಇವಳು ಸ್ವರ್ಗಕ್ಕೂ ಹೋಗುವುದಿಲ್ಲ ಎಂದು ನಾವು ನಗುತ್ತಿದ್ದೆವು. ನಾನೂ ನಕ್ಕವಳೇ.

ನಗು ಹಾಗಿರಲಿ, ಇನ್ನೊಂದು ಸಂಗತಿಗೆ ಯಾರೂ ನಗುತ್ತಿರಲಿಲ್ಲ. ಅಕ್ಕನ ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಊರಿನ ಹೆಂಗಸರೆಲ್ಲ ಅತ್ತರು, ಅಡಿಗೆಯವರು ಅತ್ತರು, ಅಪ್ಪ ಕೂಡ ಶಲ್ಯದ ತುದಿ ಕಣ್ಣಿಗೊತ್ತಿಕೊಂಡರು. ಆಯಿ ಅಳಲಿಲ್ಲ. ಸೆರಗಿನಿಂದ ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಳು, ಒಂದು ಹನಿ ಕೆಳಗೆ ಬೀಳಲಿಲ್ಲ. ಅಕ್ಕನ ಅತ್ತೆ ನಾಲ್ಕು ಜನರಿಗೆ ಕೇಳುವಂತೆ, "ಹೆತ್ತ ಹೊಟ್ಟೆಯಾ ಇದು, ಕಲ್ಲಾ?" ಎಂದರು. ಅಕ್ಕ ಅದನ್ನು ಕೇಳಿದಳು. ಕೇಳಿದ್ದಷ್ಟೇ ಅಲ್ಲ, ನಂಬಿದಳು. ಆಮೇಲಿನ ಮೂರು ವರ್ಷ ಅವಳ ಕಾಗದ ಅಪ್ಪನ ಹೆಸರಿಗೆ ಬರುತ್ತಿತ್ತು. ಕೊನೆಯ ಸಾಲಿನಲ್ಲಿ "ಆಯಿಗೂ ತಿಳಿಸಿ" ಎಂದಿರುತ್ತಿತ್ತು. ತವರಿಗೆ ಬಂದದ್ದು ಒಂದೇ ಸಲ, ಅದೂ ಬೆಳಿಗ್ಗೆ ಬಂದು ಸಂಜೆ ಹೋದಳು. ಆಯಿ ಈ ಬಗ್ಗೆ ಬಾಯಿ ಬಿಟ್ಟವಳಲ್ಲ. ಅವಳ ಸಂಗಡ ಮನೆಯಲ್ಲಿ ಉಳಿದದ್ದು ಆ ನಾಯಿ. ಕೊಟ್ಟಿಗೆಗೆ ಹೋದರೆ ಹಿಂದೆ, ಬಾವಿಗೆ ಹೋದರೆ ಮುಂದೆ.

ಡಿಸೆಂಬರ್ ಮುಗಿಯುವ ಹೊತ್ತಿಗೆ ಊರಲ್ಲಿ ಗುಸುಗುಸು ಎದ್ದಿತು. ಕಣ್ಣು ಕೆಂಪು, ನಾಲಿಗೆ ಹೊರಗೆ, ತಿಂದದ್ದು ಗಂಟಲಿಗಿಳಿಯುವುದಿಲ್ಲ: ಅಕ್ಕೋರ ಮನೆಯ ನಾಯಿಗೆ ಹುಚ್ಚು. ಶಾಲೆಯ ಮಕ್ಕಳ ದಾರಿ ನಮ್ಮ ಮನೆಯ ಮುಂದೆಯೇ. ಇಬ್ಬರು ಹಿರಿಯರು ಬಂದು ಜಗುಲಿಯಲ್ಲಿ ಕೂತು ಅಪ್ಪನಿಗೆ ಮೆಲ್ಲಗೆ ಹೇಳಿದರು. ಹಂದಿ ಹೊಡೆಯುವ ಪರವಾನಗಿಯ ಕೋವಿ ಇದ್ದ ರೈತನೊಬ್ಬ ಪಕ್ಕದ ಕೇರಿಯಲ್ಲಿದ್ದ.

"ಬರೂ ಅಮಾವಾಸ್ಯೆವರೆಗೆ ನೋಡ್ವ. ಹುಚ್ಚಲ್ಲ ಅಂತ ಯಾರಾದ್ರೂ ಬರ್ದು ಕೊಟ್ರೆ ಸರಿ, ಇಲ್ದಿದ್ರೆ ಅವ್ನ ಕರೆಸುದೇ," ಎಂದರು ಅಪ್ಪ. ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನಿಕೆ ಮಾಡಿದವರು. ಬಾಯಿಮಾತು ಅವರಿಗೆ ಗಾಳಿ, ಬರೆದದ್ದು ಮಾತ್ರ ದಿಟ.

ಅಮಾವಾಸ್ಯೆಗೆ ಒಂಬತ್ತು ದಿನ ಇತ್ತು. ಕುಮಟೆಯ ದನದ ಆಸ್ಪತ್ರೆಗೆ ಧಾರವಾಡದ ಕಡೆಯ ಹೊಸ ಡಾಕ್ಟರು ಬಂದಿದ್ದಾರೆಂದು ಹೆಡ್ಮಾಸ್ತರರು ಹೇಳಿದ್ದರು. ನಾನು ರಜೆ ಬರೆದೆ. ಆಯಿ ಚೊಂಬಿನ ಬಾಯಿಗೆ ಬಾಳೆಲೆ ಕಟ್ಟಿ, "ನಾನೂ ಬತ್ತೆ" ಎಂದಳು. ಕುಮಟೆ ಎಂದರೆ ಅಕ್ಕನ ಮನೆ, ಅಲ್ಲಿ ಅವಳ ಅತ್ತೆ. ಗೊತ್ತಿದ್ದೂ ಹೊರಟಳು.

ಆ ಪ್ರಯಾಣವೇ ಒಂದು ಕತೆ. ಭಟ್ಕಳದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ನಾಯಿಯ ಮುಖ ನೋಡಿದವನೇ ಸೀಟಿ ಊದಿಬಿಟ್ಟ. ಹಿಂದೆಯೇ ಹೆಂಚಿನ ಲಾರಿಯೊಂದು ಬಂತು. ಅದರ ಡ್ರೈವರನ ಮಗಳು ನನ್ನ ಎರಡನೇ ಇಯತ್ತೆಯಲ್ಲಿದ್ದಳು. ಅಕ್ಕೋರಿಗೆ ಇಲ್ಲ ಎನ್ನಲು ಅವನಿಗೆ ಧೈರ್ಯ ಬರಲಿಲ್ಲ. ಶರಾವತಿಯ ಈಚೆಗಿನ ಕಾಸರಕೋಡಿನ ದಂಡೆವರೆಗೆ ನಾವು ಮೂವರೂ ಅವನ ಪಕ್ಕದಲ್ಲಿ ಕುಲುಕಾಡುತ್ತ ಬಂದೆವು.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಹೊನ್ನಾವರಕ್ಕೆ ದಾಟಬೇಕಾದರೆ ತಾರಿ, ಎಂದರೆ ದೋಣಿ. ತಾರಿಯಲ್ಲಿ ಆಗಲೇ ಹತ್ತಿಪ್ಪತ್ತು ಜನ ಕೂತಿದ್ದರು. ನಾಯಿಯನ್ನು ಕಂಡದ್ದೇ ತಡ, ಹುಚ್ಚುನಾಯಿ ಹುಚ್ಚುನಾಯಿ ಎಂದು ಎಲ್ಲರೂ ಒಂದು ಬದಿಗೆ ಸರಿದರು. ದೋಣಿ ವಾಲಿತು. ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರು ಲುಂಗಿ ಎತ್ತಿಕಟ್ಟಿ ಹಲಗೆಯ ಮೇಲೆಯೇ ನಿಂತುಬಿಟ್ಟರು. ತಾರಿಯವನು ದೋಣಿ ನೂಕುವ ಜಲ್ಲೆ ಅಡ್ಡ ಹಿಡಿದ. ನಾನು ಬಾಯಿ ಜೋರು ಮಾಡಲು ಹೊರಟಿದ್ದೆ, ಆಯಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ದಂಡೆಯಲ್ಲಿ ಬಿದ್ದಿದ್ದ ಕರಟವೊಂದನ್ನು ತೊಳೆದು, ತನ್ನ ಚೊಂಬಿನ ನೀರು ಹೊಯ್ದು ನಾಯಿಯ ಮುಂದಿಟ್ಟಳು. ಅದು ಲಪಲಪ ಕುಡಿಯಿತು. ಇನ್ನೊಂದು ಕರಟ ಹೊಯ್ದಳು, ಅದನ್ನೂ ಕುಡಿಯಿತು. ದೋಣಿಯ ಜನ ಕತ್ತು ಚಾಚಿ ನೋಡುತ್ತಿದ್ದರು.

"ಹುಚ್ಚು ಹಿಡಿದದ್ದು ನೀರು ಮುಟ್ಟುದಿಲ್ಲ. ಹತ್ತಿ ಹತ್ತಿ," ಎಂದ ತಾರಿಯವನು. ಆ ವ್ಯಾಪಾರಿ ಹಲಗೆಯಿಂದ ಇಳಿದು, "ಬೇಚಾರಿ, ಪ್ಯಾಸಿ ಹೈ" ಎಂದು ಬಾಯಾರಿದ ನಾಯಿಗೆ ಮರುಗಿ ತಮ್ಮ ಸೀಸೆಯ ನೀರನ್ನೂ ಕರಟಕ್ಕೆ ಬಿಟ್ಟರು.

ಹೊನ್ನಾವರದಿಂದ ಕುಮಟೆಗೆ ಬಸ್ಸಿನಲ್ಲಿ ಹಿಂದಿನ ಸೀಟಿನಡಿಗೆ ನಾಯಿಯನ್ನು ಗೋಣಿ ಹೊದಿಸಿ ಕೂರಿಸಿದೆವು. ಅದು ಸೀನಿದಾಗಲೆಲ್ಲ ನಾನು ಜೋರಾಗಿ ಸೀನಿದೆ. ಹಳದೀಪುರ ದಾಟುವಷ್ಟರಲ್ಲಿ ಮುಂದಿನ ಸೀಟಿನ ಅಜ್ಜಿಯೊಬ್ಬರು ನನಗೆ ಶುಂಠಿ ಕಷಾಯ ಮಾಡುವ ಬಗೆ ಹೇಳಿಕೊಡತೊಡಗಿದರು.

ಡಾಕ್ಟರು ಕಡ್ಡಿಯ ಹಾಗಿದ್ದ ತರುಣ. ನಾಯಿಯನ್ನು ಮೇಜಿನ ಮೇಲೆ ಹತ್ತಿಸಿ ಮೊದಲು ಕೇಳಿದ್ದು, "ಎಷ್ಟ ದಿನ ಆತ್ರೀ?"

"ಮೂರು ತಿಂಗಳು," ಎಂದೆ.

"ಹಂಗಾರ ಹುಚ್ಚು ಅಲ್ಲ ಬಿಡ್ರಿ. ಹುಚ್ಚ ನಾಯಿ ಹತ್ತ ದಿನ ಸೈತ ಬಾಳೂದಿಲ್ಲ."

ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಅವರು ಒಸಡಿನ ಮೇಲೆ ಬೆರಳಿಟ್ಟರು, ಬೆರಳು ಅಂಟಿಕೊಂಡಿತು. ಹ್ಞೂಂ ಎಂದು ಒಳಗೆ ಹೋಗಿ ತಮ್ಮ ಬರೆಯುವ ಮೇಜಿನಿಂದ ಹೊಸ ಬ್ಲಾಟಿಂಗ್ ಕಾಗದ ತಂದರು. ಸಪೂರ ಪಟ್ಟಿ ಕತ್ತರಿಸಿ, ಅಕ್ಕಿಕಾಳಿನಗಲಕ್ಕೊಂದರಂತೆ ಹತ್ತು ಗೆರೆ ಎಳೆದರು. ತುದಿಯನ್ನು ತುಸು ಮಡಚಿ ನಾಯಿಯ ಕೆಳರೆಪ್ಪೆಯೊಳಗೆ ಸಿಕ್ಕಿಸಿ, ಕೈಗಡಿಯಾರ ನೋಡುತ್ತ ನಿಂತರು. ಒಂದು ನಿಮಿಷ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ತೆಗೆದರೆ ಪಟ್ಟಿ ಒಣ ಒಣ. ಒಂದು ಗೆರೆಯೂ ಒದ್ದೆಯಾಗಿರಲಿಲ್ಲ. ಇನ್ನೊಂದು ಪಟ್ಟಿಯನ್ನು ತಮ್ಮ ಕಣ್ಣಿಗೇ ಇಟ್ಟುಕೊಂಡರು. ನೀರು ಸರಸರನೆ ಏರಿ ಏಳನೆಯ ಗೆರೆ ಮುಟ್ಟಿತು. ಕಣ್ಣಿಗೆ ಕಾಣದ ಕಾಯಿಲೆಯೊಂದು ಹೀಗೆ ಕಾಗದದ ಮೇಲೆ ಬಂದು ಕೂತದ್ದನ್ನು ಕಂಡು ನಾನು ದಂಗಾದೆ.

"ಕಣ್ಣೀರು ಮಾಡೂ ಗ್ರಂಥಿ, ಎಂಜಲಾ ಮಾಡೂ ಗ್ರಂಥಿ, ಎರಡೂ ಒಣಗ್ಯಾವ. ಮೈಯಾಗಿನ ಕಾವಲುಗಾರರು ಮನೀ ಮಂದೀನ ಕಳ್ಳರಂತ ತಿಳದು ಹೊಡೀಲಿಕ್ಕೆ ಹತ್ಯಾರ ಅಂತ ಈಗೀಗ ಬರದಾರ. ನಾನೂ ಓದಿದ್ದಷ್ಟ."

ಗುಣವಾಗುತ್ತದೆಯೇ ಎಂದು ಕೇಳಿದೆ. ದೊಡ್ಡ ಊರುಗಳಲ್ಲಿ ಎಂಜಲಿನ ನಾಳವನ್ನೇ ತಿರುಗಿಸಿ ಕಣ್ಣಿಗೆ ಜೋಡಿಸುತ್ತಾರಂತೆ. "ಆದ್ರ ಇದರ ಬಾಯೂ ಒಣಾನ ಐತಿ. ಬಾವ್ಯಾಗ ನೀರಿಲ್ಲ, ಕಾಲುವಿ ತೋಡಿ ಏನ್ ಮಾಡೂದು?" ಎಂದರು. ಪೂರ್ತಿ ವಾಸಿ ಮಾಡುವ ಔಷಧವಿಲ್ಲ, ಕಣ್ಣು ಉಳಿಸಿಕೊಳ್ಳಲು ನೋಡಬಹುದು ಎಂದು ಹೇಳಿ, ಕಣ್ಣಿಗೆ ಹಚ್ಚುವ ಮುಲಾಮು, ಅನ್ನಕ್ಕೆ ಬೆರೆಸುವ ಹನಿ ಕೊಟ್ಟರು. ಕಾಸಿ ಆರಿಸಿದ ನೀರಿನಿಂದಲೇ ಕಣ್ಣು ಒರೆಸಬೇಕು, ಸಮುದ್ರದ ಹೆಸರೆತ್ತಬಾರದು. ವಾರಕ್ಕೊಮ್ಮೆ ಪಟ್ಟಿ ಇಟ್ಟು ನೋಡಬೇಕು, ಪಟ್ಟಿ ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಲು ಮೊದಲು ಮನೆಯವರ ಕಣ್ಣಿನಲ್ಲಿ ಅಭ್ಯಾಸ ಮಾಡಿಕೊಳ್ಳಬೇಕು. ನಾಯಿಗೆ ಹುಚ್ಚಿಲ್ಲ ಎಂದು ಚೀಟಿ ಬರೆದು ಠಸ್ಸೆ ಒತ್ತಿದರು. ಚೀಟಿಯನ್ನು ನಾನು ರವಿಕೆಯೊಳಗೆ ಇಟ್ಟುಕೊಂಡೆ. ನಾಯಿಯ ಪ್ರಾಣ ಈಗ ಅಲ್ಲಿತ್ತು.

ಅಕ್ಕನ ಮನೆಗೆ ಹೋಗುವಾಗ ನಾನು ನಡೆಯಲಿಲ್ಲ, ಹಾರಿದೆ. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕಳು, ಆಯಿಗೆ ಕಾಲಿಗೆ ನೀರು ಕೊಟ್ಟಳು. ಅಷ್ಟೇ. ಅವಳ ಅತ್ತೆ ನಾಯಿಯನ್ನು ನೋಡಿ ಮೂಗು ಮುರಿದರು. ನನಗೆ ಇದಾವುದೂ ಹತ್ತಲಿಲ್ಲ. ಕತ್ತರಿ ಕೇಳಿದೆ, ಡಾಕ್ಟರು ಕೊಟ್ಟ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಗೆರೆ ಎಳೆದು, ಬನ್ನಿ ಎಲ್ಲರೂ ಎಂದೆ. ನನ್ನದು ಎಂಟು ಗೆರೆ. ಅಕ್ಕನದು ಏಳು. ಕಣ್ಣಿಗೆ ಕಾಗದ ಇಡುವ ಹುಚ್ಚಾಟ ಬೇಡವೆಂದಿದ್ದ ಅತ್ತೆ, ನಾವು ಗೆರೆ ಎಣಿಸುವುದನ್ನು ಕಂಡು ತಡೆಯಲಾರದೆ ಬಂದು ಕೂತರು. ಅವರದು ಒಂಬತ್ತು. "ನಂದೇ ಹೆಚ್ಚು ಅಲ್ದಾ?" ಎಂದು ಎರಡು ಸಲ ಕೇಳಿದರು.

ಆಯಿ ಮೂಲೆಯಲ್ಲಿ ನಾಯಿಗೆ ಗಂಜಿ ಕುಡಿಸುತ್ತಿದ್ದಳು. "ನೀನೂ ಬಾ" ಎಂದು ಎಳೆದು ಕೂರಿಸಿದೆ. ಪಟ್ಟಿ ಇಟ್ಟೆ, ಗೋಡೆಯ ಗಡಿಯಾರದ ಮೇಲೆ ಕಣ್ಣು ನೆಟ್ಟೆ. ನಿಮಿಷವಾಯಿತು. ತೆಗೆದೆ. ಒಣ ಕಾಗದ.

"ಸರಿಯಾಗಿ ಕೂರು, ಕಣ್ಣು ತಿರುಗಿಸ್ಬ್ಯಾಡ," ಎಂದು ಮಕ್ಕಳಿಗೆ ಗದರಿದ ಹಾಗೆ ಗದರಿದೆ. ಇನ್ನೊಂದು ಕಣ್ಣಿಗೆ ಹೊಸ ಪಟ್ಟಿ. ಈ ಸಲ ಎರಡು ನಿಮಿಷ ಬಿಟ್ಟೆ. ಅದೂ ಒಣ. ಅಕ್ಕ ನನ್ನ ಕೈಯಿಂದ ಪಟ್ಟಿ ಕಸಿದುಕೊಂಡಳು. ಡಾಕ್ಟರ ಮೇಜಿನಿಂದ ನಾನು ಜೋಪಾನವಾಗಿ ತಂದಿದ್ದ ನಾಯಿಯ ಪಟ್ಟಿಯನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಆಯಿಯದನ್ನು ಇಟ್ಟಳು. ಯಾವುದು ಯಾರದೆಂದು ಹೇಳುವ ಹಾಗಿರಲಿಲ್ಲ.

ನನಗೆ ಒಮ್ಮೆಗೇ ಎಲ್ಲ ಕಂಡಿತು. ಚೊಂಬು. ಅವಲಕ್ಕಿ. ಕಣ್ಣಲ್ಲಿ ಹೊಯ್ಗೆ ಬಿದ್ದಂಗೆ ಎಂದು ಸಮುದ್ರದಲ್ಲಿ ನಿಂತು ಹೇಳಿದ್ದು. ಹ್ಯಾಗೆ ಗೊತ್ತಾಯಿತು ಎಂದು ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಹೊತ್ತಿಗೆ ಸಂತೋಷವೋ ನಾಚಿಕೆಯೋ ತಿಳಿಯದೆ ಎರಡೂ ಪಟ್ಟಿಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಆಯಿ, ನಿಂಗೆ ಕಣ್ಣೀರೇ ಬರುದಿಲ್ವಾ?" ಎಂದಳು ಅಕ್ಕ. ನಾವು ಆ ಮನೆಗೆ ಬಂದಮೇಲೆ ಆಯಿಯ ಹತ್ತಿರ ಅವಳಾಡಿದ ಮೊದಲ ಮಾತು ಅದು.

ಆಯಿ ಚೊಂಬು ಹುಡುಕಿ ಒಂದು ಗುಟುಕು ಕುಡಿದಳು. "ಬರುದಿಲ್ಲ ಮಗಾ. ನೀನು ಹೋಪ ದಿವ್ಸವೂ ಬರ್ಲಿಲ್ಲ. ಒಳಗೆ ಎಲ್ಲಾ ಆತು, ಕಣ್ಣಿಗೆ ಮಾತ್ರ ಬರ್ಲಿಲ್ಲ."

"ಹೇಳ್ಬಹುದಿತ್ತಲ್ಲ."

"ಕಣ್ಣು ಉರಿತದೆ ಅಂತ ಹೇಳಿದ್ದೆ. ಉಷ್ಣ ಅಂದ್ರಿ."

ಅಕ್ಕ ಎದ್ದು ಹಿತ್ತಲಿಗೆ ಹೋದಳು. ಬಾವಿಯ ರಾಟೆ ಸುಮಾರು ಹೊತ್ತು ಕಿರುಗುಟ್ಟಿತು. ಅವಳ ಅತ್ತೆ ತಮ್ಮ ಒಂಬತ್ತು ಗೆರೆಯ ಪಟ್ಟಿಯನ್ನು ಮಡಚಿ, ಮತ್ತೆ ಬಿಡಿಸಿ, ಕೊನೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ಊಟಕ್ಕೆ ಕೂತಾಗ ಅಕ್ಕ ಆಯಿಯ ಅನ್ನವನ್ನು ತಾನೇ ಮಜ್ಜಿಗೆಯಲ್ಲಿ ಮೆತ್ತಗೆ ಕಲಸಿ ಬಡಿಸಿದಳು. ಮರುದಿನ ಬಸ್ಸು ಹತ್ತಿಸುವಾಗ "ಯುಗಾದಿಗೆ ಬತ್ತೆ" ಎಂದಷ್ಟೇ ಹೇಳಿದಳು.

ಅಪ್ಪ ಚೀಟಿಯನ್ನು ಓದಿ, ಠಸ್ಸೆಯನ್ನು ಬೆಳಕಿಗೆ ಹಿಡಿದು ನೋಡಿ, ಕೋವಿಯವನಿಗೆ ಬರುವುದು ಬೇಡವೆಂದು ಹೇಳಿಕಳಿಸಿದರು. ಆಮೇಲೆ ನಾನು ಆಯಿಯ ಪಟ್ಟಿಯನ್ನು ಅವರ ಮುಂದಿಟ್ಟೆ. ಅದನ್ನು ಅವರು ಚೀಟಿಗಿಂತ ಹೆಚ್ಚು ಹೊತ್ತು ನೋಡಿದರು. ಮರುವಾರ ತಾವೇ ಆಯಿಯನ್ನು ಹೊನ್ನಾವರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರೂ ಹೆಚ್ಚುಕಡಿಮೆ ಅದನ್ನೇ ಹೇಳಿ ಹನಿ ಕೊಟ್ಟರು. ತನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಕುನ್ನಿಯ ಡಾಕ್ಟರು ಎಂದು ಆಯಿ ಊರಿಗೆಲ್ಲ ಹೇಳಿಕೊಂಡು ಬಂದಳು.

ಪ್ರತಿ ಭಾನುವಾರ ನಾಯಿಗೆ ಪಟ್ಟಿ. ಮೊದಲ ವಾರ ಸೊನ್ನೆ, ಎರಡನೆಯ ವಾರ ಸೊನ್ನೆ. ಮೂರನೆಯದೂ ನಾಲ್ಕನೆಯದೂ ಹಾಗೆಯೇ ಆದಾಗ ನಾನು ಕತ್ತರಿ ಎಸೆದೆ; ಆಯಿ ಎತ್ತಿಕೊಟ್ಟಳು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವಾಗಲೂ ನನ್ನ ಜೀವ ಭಾನುವಾರದ ಮೇಲೆ. ಯುಗಾದಿಯ ಹಿಂದಿನ ದಿನ ಅಕ್ಕ ಬಂದಳು. ಬಂದವಳೇ ಕೈಕಾಲು ತೊಳೆಯದೆ, "ಎಲ್ಲಿ, ನಾನೇ ಇಡ್ತೆ" ಎಂದಳು. ಮೂರು ತಲೆಗಳು ನಾಯಿಯ ಮೇಲೆ ಬಗ್ಗಿದವು. ಅಪ್ಪ ಗಡಿಯಾರ ಹಿಡಿದು ನಿಂತರು. ಪಟ್ಟಿಯ ಬುಡ ಮೆಲ್ಲಗೆ ಕಪ್ಪಾಯಿತು, ಮೊದಲ ಗೆರೆ ಮುಟ್ಟಿತು, ಅಲ್ಲೇ ನಿಂತಿತು. ಒಂದು ಗೆರೆ. ಒಂದೇ ಒಂದು. ನಾನು ಅಕ್ಕನನ್ನು ತಬ್ಬಿ ಕುಣಿದೆ, ನಾಯಿಗೆ ಏನೂ ತಿಳಿಯದೆ ಅದೂ ಕುಣಿಯಿತು. ಅದು ಮತ್ತೂ ಐದು ವರ್ಷ ಬದುಕಿತು. ಎರಡು ಗೆರೆಯ ಮೇಲೆ ಎಂದೂ ಹೋಗಲಿಲ್ಲ, ಆದರೆ ಆಯಿ ಯಾರು, ಬಾವಿ ಯಾವುದು ಎಂದು ಗುರುತಿಸುವಷ್ಟು ಕಣ್ಣು ಉಳಿಯಿತು.

ಹಬ್ಬ ಕಳೆದು ನಾಲ್ಕನೆಯ ದಿನ ಅಕ್ಕ ಹೊರಟಳು. ಮದುವೆಯಾಗಿ ಹೊರಟದ್ದೂ ಅದೇ ಮಾವಿನಮರದ ಬುಡದಿಂದ, ಬಸ್ಸು ನಿಲ್ಲುವುದು ಅಲ್ಲೇ. ನೋಡಲು ನಿಂತ ಹೆಂಗಸರೂ ಹೆಚ್ಚುಕಡಿಮೆ ಅವರೇ. ಬಸ್ಸಿನ ಸದ್ದು ಕೇಳಿದ್ದೇ ಅಕ್ಕ ಅಳತೊಡಗಿದಳು. ಏಳು ಗೆರೆಯ ಕಣ್ಣು ಅದು, ಧಾರಾಕಾರ ಸುರಿಯಿತು. ಆಯಿ ಒಣಗಣ್ಣಿನಲ್ಲಿ ನಿಂತಿದ್ದಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

ಆಯಿ ಚೊಂಬನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಯಿಂದ ಅಕ್ಕನ ಮುಖ ಒರೆಸಿದಳು. ಒರೆಸಿದಷ್ಟೂ ಬಂತು.

"ಅಳು ಮಗಾ," ಎಂದಳು, ಎಲ್ಲರಿಗೂ ಕೇಳುವಂತೆ. "ನಂದೂ ಸೇರ್ಸಿ ನೀನೇ ಅಳು."

ಅಕ್ಕ ಅತ್ತಳು. ಕಂಡಕ್ಟರು ಎರಡು ಸಲ ಸೀಟಿ ಊದಿದ. ಬಸ್ಸು ಕಾದು ನಿಂತಿತ್ತು.